ಶೆಟ್ಟಿಹಳ್ಳಿಯ ದೇವಾಲಯ ಮತ್ತು ನಮ್ಮ ಕಣ್ಣು

ಹಾಸನದ ಕಡೆಯ ಶೆಟ್ಟಿಹಳ್ಳಿ ಚರ್ಚನ್ನು ನೀವು ಕಣ್ಣಾರೆ ಕಂಡಿರದಿದ್ದರೂ ಅದರ ಚಿತ್ರವನ್ನು ಎಲ್ಲಾದರೂ ನೋಡಿಯೇ ಇರುತ್ತೀರಿ. ಸುತ್ತ ನೀರು, ನಡುವೆ ಸೂರಿಲ್ಲದ ಕೆಂಪು ಗೋಡೆಗಳು, ಸಾಲು ಕಮಾನುಗಳ ನೆರಳು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿರುತ್ತದೆ. ಆಕಾಶದ ತುಂಬ ಸಂಜೆಗೆಂಪು. ಕೆಲವು ಚಿತ್ರಗಳಲ್ಲಿ ಒಂದು ತೆಪ್ಪವೂ ಇರುತ್ತದೆ. ಕ್ಯಾಲೆಂಡರಿನಲ್ಲಿ, ಪ್ರವಾಸದ ಪುಸ್ತಕಗಳಲ್ಲಿ, ಈಗ ಮನೆಮಂದಿಯ ಮೊಬೈಲುಗಳಲ್ಲಿ ಈ ಚಿತ್ರ ಎಷ್ಟು ಸಲ ಬಂದಿದೆಯೆಂದರೆ ಹತ್ತು ಮಂದಿ ಬೇರೆ ಬೇರೆಯವರು ತೆಗೆದದ್ದೆಂದು ಗೊತ್ತಿದ್ದರೂ ಎಲ್ಲವೂ ಒಂದೇ ಚಿತ್ರದಂತೆ ಕಾಣುತ್ತವೆ. ಎಲ್ಲರೂ ಒಂದೇ ಕಡೆ ನಿಂತು, ಒಂದೇ ಹೊತ್ತಿಗೆ, ಒಂದೇ ಬಗೆಯ ನಿಟ್ಟುಸಿರು ಬಿಟ್ಟು ತೆಗೆದಂತೆ!

ಚಿತ್ರ ಚೆನ್ನಾಗಿಲ್ಲ ಎಂದು ನಾನು ಹೇಳುವುದಿಲ್ಲ. ಚೆನ್ನಾಗಿದೆ. ನನ್ನ ತಕರಾರು ಇರುವುದೇ ಅದರ ಚೆನ್ನಿನ ಬಗ್ಗೆ. ಆ ಚಿತ್ರದಲ್ಲಿ ಊರಿಲ್ಲ, ಜನರಿಲ್ಲ, ಅದು ಅಲ್ಲಿ ಯಾಕೆ ನಿಂತಿದೆ ಎನ್ನುವುದಕ್ಕೆ ಒಂದು ಸುಳಿವೂ ಇಲ್ಲ. ನೀರು ಅನಾದಿಯಿಂದ ಅಲ್ಲೇ ಇತ್ತು, ಯಾರೋ ಹುಚ್ಚರು ಬಂದು ನೀರಿನ ನಡುವೆ ಚರ್ಚು ಕಟ್ಟಿಹೋದರು ಎಂಬಂತೆ ಇದೆ. ಅದಕ್ಕೆ ಇಟ್ಟಿರುವ ಹೆಸರುಗಳನ್ನು ನೋಡಿ: 'ಮುಳುಗುವ ಚರ್ಚು', 'ತೇಲುವ ಚರ್ಚು'. ಮುಳುಗುವುದೇನೋ ಸರಿ. ಇಟ್ಟಿಗೆಯ ಗೋಡೆ ತೇಲಿದ್ದನ್ನು ಯಾರು ಕಂಡಿದ್ದಾರೆ? ಮುಳುಗಿಸಿದ್ದು ಎನ್ನಬೇಕಾದ ಕಡೆ ಮುಳುಗುವುದು ಎಂದುಬಿಟ್ಟರೆ ಮಾಡಿದವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಮನೆಗಳಲ್ಲಿ 'ಲೋಟ ಒಡೆಯಿತು' ಎನ್ನುವುದಿಲ್ಲವೇ, ಹಾಗೆ.

ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿದೆ ಈ ಕಟ್ಟಡ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಜಪಮಾಲೆ ಮಾತೆಯ ಹೆಸರಿನದು. ಆ ಸೀಮೆಯ ಕನ್ನಡ ಕಥೋಲಿಕರು ಚರ್ಚು ಎನ್ನುವುದಿಲ್ಲ, 'ದೇವಾಲಯ' ಎನ್ನುತ್ತಾರೆ. ಪಾದ್ರಿಗೆ 'ಸ್ವಾಮಿಗಳು', ಅಲ್ಲಿ ನಡೆಯುವುದು 'ಪೂಜೆ'. ಈ ಮಾತುಗಳು ನಿನ್ನೆ ಮೊನ್ನೆ ಬಂದವಲ್ಲ. ಟಿಪ್ಪು ಮಡಿದ 1799ರಲ್ಲೇ ಮೈಸೂರು ಸೀಮೆಗೆ ಬಂದು 1823ರವರೆಗೆ ಈ ನಾಡಿನಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಅವರನ್ನು ಜನ 'ದೊಡ್ಡ ಸ್ವಾಮಿಯವರು' ಎಂದೇ ಕರೆದರು. ಅವರು ಕಾವಿಯುಟ್ಟು, ಇಲ್ಲಿಯವರಂತೆಯೇ ಉಂಡು, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಳ್ಳಿರೆಂದು ಊರೂರು ಹೇಳಿದವರು. ಶೆಟ್ಟಿಹಳ್ಳಿಯ ಕಟ್ಟಡ ಎದ್ದದ್ದು ಅವರು ಹಿಂತಿರುಗಿ ಎಷ್ಟೋ ವರ್ಷಗಳಾದ ಮೇಲೆ. ಆದರೆ ಅಷ್ಟು ಹೊತ್ತಿಗೆ ಈ ಸೀಮೆಯ ಕ್ರೈಸ್ತರು ರಾಗಿ ಬೆಳೆಯುವ, ಎಮ್ಮೆ ಕಟ್ಟುವ, ಕನ್ನಡದಲ್ಲೇ ಜಪ ಹೇಳುವ ಹಳ್ಳಿಯ ಜನರಾಗಿ ತಲೆಮಾರುಗಳೇ ಕಳೆದಿದ್ದವು. ಇದನ್ನು ಯಾಕೆ ಹೇಳುತ್ತೇನೆಂದರೆ, ಚಿತ್ರ ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು, 'ಅಯ್ಯೋ, ಥೇಟ್ ಫಾರಿನ್ನಿನ ಹಾಗಿದೆ' ಎಂಬುದು. ಕಮಾನು ಚೂಪಾಗಿದ್ದ ಮಾತ್ರಕ್ಕೆ ಅದು ಫಾರಿನ್ನಾಗಿಬಿಟ್ಟಿತು! ಅದರೊಳಗೆ ಚಾಪೆ ಹಾಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೂತವರು ಶೆಟ್ಟಿಹಳ್ಳಿಯ ಹೆಂಗಸರು.

ಗೊರೂರಿನ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಅದರ ಪೂರ್ಣ ಮಟ್ಟ 2922 ಅಡಿ, ಹಿಡಿಯುವ ನೀರು 37 ಟಿಎಂಸಿಯಷ್ಟು. ಹೇಮಾವತಿಯ ದಂಡೆಯ ಹಳ್ಳಿಗಳು ಎದ್ದು ಹೋಗಬೇಕಾಯಿತು. ಶೆಟ್ಟಿಹಳ್ಳಿಯವರೂ ಹೊಸ ಜಾಗಗಳಿಗೆ ಹೋದರು. ಮನೆಗಳು ಹೆಂಚು, ತೊಲೆ, ಬಾಗಿಲು ಕಿತ್ತುಕೊಂಡು ಗಾಡಿಯಲ್ಲಿ ಹೋಗಬಲ್ಲವು. ದೇವಾಲಯ ಹೋಗಲಾರದೆ ಉಳಿಯಿತು. ಆ ಅಣೆಕಟ್ಟು ಬೇಡವಾಗಿತ್ತು ಎನ್ನುವ ಮಾತು ಮಾತ್ರ ನನ್ನ ಬಾಯಲ್ಲಿ ಬರಲಾರದು. ನಾನು ತುಮಕೂರಿನವಳು. ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು ನಮ್ಮ ಊರಿನ ನಲ್ಲಿಗಳಿಗೆ ಬರುತ್ತದೆ. ಬೇಸಿಗೆಯಲ್ಲಿ ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲಿಟ್ಟು ಜಗಳವಾಡಿದ ಹೆಂಗಸರಿಗೆ ಆ ನೀರಿನ ಬೆಲೆ ಗೊತ್ತು. ಅಣೆಕಟ್ಟನ್ನು ಬೈದು, ಮನೆಗೆ ಬಂದು ಅದೇ ನೀರಿನಲ್ಲಿ ಕಾಫಿಗಿಟ್ಟುಕೊಳ್ಳುವುದು ನನಗೆ ಆಗದು. ಆದರೆ ನೀರು ಕುಡಿಯುವವರಿಗೆ ಆ ನೀರಿನಡಿ ಏನಿತ್ತು ಎಂದು ತಿಳಿದಿರಬೇಡವೇ?

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ, ಒಮ್ಮೆ ಮಳೆಗಾಲ ಮುಗಿಯುವ ಹೊತ್ತಿಗೆ, ಇನ್ನೊಮ್ಮೆ ಬೇಸಿಗೆಯಲ್ಲಿ. ಮೊದಲ ಸಲ ಕಂಡದ್ದು ಚಿತ್ರದಲ್ಲಿದ್ದದ್ದೇ. ದಡದಲ್ಲಿ ನಿಂತು ನೋಡಿದೆವು, ಆಹಾ ಎಂದೆವು, ಬಂದೆವು. ಬೇಸಿಗೆಯಲ್ಲಿ ಹೋದಾಗ ನೀರು ಹಿಂದೆ ಸರಿದಿತ್ತು. ಒಡೆದ ಕೆಸರಿನ ಮೇಲೆ ನಡೆದು ಒಳಗೇ ಹೋಗಬಹುದಿತ್ತು. ಹತ್ತಿರದಿಂದ ನೋಡಿದರೆ ಆ ಕಟ್ಟಡ ಬೇರೆಯೇ. ಗಾರೆ ಉದುರಿ ಇಟ್ಟಿಗೆಗಳ ಮೈ ಬಿಚ್ಚಿಕೊಂಡಿದೆ. ನಾವು ದಡದಿಂದ ಮೆಚ್ಚಿಕೊಂಡ ಆ ಕೆಂಪು ಕಟ್ಟಿದವರು ಬಳಿದದ್ದಲ್ಲ, ಚರ್ಮ ಸುಲಿದು ಕಾಣುವ ಕೆಂಪು. ಬೆರಳಿನಿಂದ ಉಜ್ಜಿದರೆ ಕೆಲವು ಇಟ್ಟಿಗೆಗಳು ರಾಗಿಹಿಟ್ಟಿನಂತೆ ಪುಡಿಯಾಗುತ್ತವೆ. ಗೋಡೆಯ ನೆತ್ತಿಯಲ್ಲಿ ಅರಳಿಯ ಸಸಿಗಳು. ನೆಲದ ಮೇಲೆ ಬಿದ್ದ ಇಟ್ಟಿಗೆಯ ರಾಶಿ. ಅದರ ಪಕ್ಕದ ಕಮಾನಿನ ಮೇಲೆ ಯಾವನೋ ಮಹಾಶಯ ತನ್ನ ಹೆಸರನ್ನೂ ತನ್ನವಳ ಹೆಸರನ್ನೂ ಕೆತ್ತಿ ನಡುವೆ ಬಾಣ ಬಿಟ್ಟಿದ್ದಾನೆ.

ಕಟ್ಟಡದ ಕೆಲಸ ಬಲ್ಲ ಯಾರನ್ನು ಕೇಳಿದರೂ ಇದರ ಕಾರಣ ಹೇಳುತ್ತಾರೆ. ಸದಾ ನೀರಿನೊಳಗಿರುವ ಗೋಡೆಗಿಂತ, ಸದಾ ಒಣಗಿರುವ ಗೋಡೆಗಿಂತ, ನೆನೆದು ಒಣಗಿ ಮತ್ತೆ ನೆನೆಯುವ ಗೋಡೆ ಬೇಗ ಸಾಯುತ್ತದೆ. ಮಳೆಗಾಲದಲ್ಲಿ ಇಟ್ಟಿಗೆ ನೀರು ಕುಡಿಯುತ್ತದೆ. ನೀರಿನ ಜೊತೆ ಲವಣವೂ ಒಳಗೆ ಸೇರುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಲವಣ ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಳಗಿನಿಂದ ಒಡೆಯುತ್ತದೆ. ಅಡುಗೆಮನೆಯ ಗೋಡೆಯ ಬುಡದಲ್ಲಿ ಬಿಳಿ ಪುಡಿ ಎದ್ದು ಬಣ್ಣ ಉದುರುವುದನ್ನು ನಾವೆಲ್ಲ ಕಂಡೇ ಇದ್ದೇವೆ, ಅದೇ ಇದು. ನಿಂತ ನೀರು ಸುಣ್ಣದ ಗಾರೆಯನ್ನು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕರಗಿಸುತ್ತದೆ, ಅಲೆಗಳು ಬುಡದ ಮಣ್ಣನ್ನು ಕೊರೆಯುತ್ತವೆ, ಸೂರಿಲ್ಲದ್ದರಿಂದ ಮಳೆನೀರು ಗೋಡೆಯ ನೆತ್ತಿಯಿಂದಲೇ ಒಳಗಿಳಿಯುತ್ತದೆ. ಇನ್ನು ಕಮಾನುಗಳದ್ದು ಬೇರೆ ಕಥೆ. ಸಾಲಿನ ಕಮಾನುಗಳು ಒಂದರ ಹೆಗಲಿಗೆ ಒಂದು ಒರಗಿ ನಿಂತಿರುತ್ತವೆ. ಒಂದು ಬಿದ್ದರೆ ಪಕ್ಕದ್ದು ಆತುಕೊಳ್ಳಲು ಏನೂ ಇಲ್ಲದೆ ವಾಲುತ್ತದೆ. ಈಚಿನ ಮಳೆಗಾಲಗಳಲ್ಲಿ ಗೋಡೆಯ ಭಾಗಗಳು ಕುಸಿದಿವೆ. ಒಂದೂವರೆ ಶತಮಾನ ದಾಟಿದ ಕಟ್ಟಡ ಹೀಗೆ ತುಂಡು ತುಂಡಾಗಿ ಹೋಗುತ್ತಿದೆ.

ಈಗ ಮತ್ತೆ ಆ ಚಿತ್ರವನ್ನು ನೋಡಿ. ನಾವು ಚೆಲುವೆಂದು ಕರೆದ ಪ್ರತಿಯೊಂದೂ, ಸುತ್ತಲಿನ ನೀರು, ಸುಲಿದ ಕೆಂಪು, ಆಕಾಶ ಕಾಣುವ ತೆರೆದ ನೆತ್ತಿ, ಬಿರುಕಿನಲ್ಲಿ ಚಿಗುರಿದ ಹಸಿರು, ಎಲ್ಲವೂ ಆ ಕಟ್ಟಡದ ರೋಗದ ಲಕ್ಷಣಗಳೇ. ಕ್ಷಯದ ಹುಡುಗಿಯ ಕೆನ್ನೆ ಕೆಂಪಗಿದೆ ಎಂದು ಹಿಂದಿನ ಕಾದಂಬರಿಗಳು ವರ್ಣಿಸುತ್ತಿದ್ದವಲ್ಲ, ಅದು ನೆನಪಾಗುತ್ತದೆ. ಓದುವಾಗ ನಮಗೂ ಕಣ್ಣು ತುಂಬುತ್ತಿತ್ತು. ಆದರೆ ಹುಡುಗಿಗೆ ಔಷಧ ತರಲು ಯಾರೂ ಹೋಗುತ್ತಿರಲಿಲ್ಲ.

ಆ ಬೇಸಿಗೆಯ ದಿನ ಅಲ್ಲಿ ಒಂದು ಮದುವೆಯ ಜೋಡಿಯ ಫೋಟೋ ತೆಗೆಯುತ್ತಿದ್ದರು. ಈಗ ಮದುವೆಗೆ ಮುಂಚೆಯೇ ಹೀಗೆ ಚಿತ್ರ ತೆಗೆಸುವುದು ರೂಢಿಯಾಗಿದೆ. ಹುಡುಗಿ ನೆಲಕ್ಕೆ ಎಳೆಯುವ ಬಿಳಿ ಗೌನು ತೊಟ್ಟಿದ್ದಳು. ಹಣೆಯಲ್ಲಿ ಕುಂಕುಮವಿತ್ತು, ಗೌನು ಬಾಡಿಗೆಯದಿರಬೇಕು. ಫೋಟೋದವನು 'ಮೇಡಂ, ಆ ಇಟ್ಟಿಗೆ ಮೇಲೆ ಹತ್ತಿ, ಸಾರ್, ನೀವು ಕಮಾನಿಗೆ ಒರಗಿ' ಎಂದು ಕೂಗುತ್ತಿದ್ದ. ಒರಗಿದಾಗ ಗಾರೆ ಉದುರಿ ಹುಡುಗನ ಕೋಟಿನ ಮೇಲೆ ಬಿತ್ತು, ಎಲ್ಲರೂ ನಕ್ಕರು. ಆ ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಸುಡುವ ಬಿಸಿಲಿನಲ್ಲಿ ಆ ಗೌನು ಎತ್ತಿ ಹಿಡಿದುಕೊಂಡು ಹೇಳಿದಂತೆ ಕೇಳುತ್ತಿದ್ದಳು, ಪಾಪ.

ಅದೇ ಹೊತ್ತಿಗೆ ಅರವತ್ತು ದಾಟಿದ ಒಬ್ಬ ಹೆಂಗಸು ಇಬ್ಬರು ಮೊಮ್ಮಕ್ಕಳ ಕೈ ಹಿಡಿದು ಬಂದರು. ಬಾಗಿಲು ಇದ್ದ ಜಾಗ, ಈಗ ಅಲ್ಲಿ ಬಾಗಿಲೂ ಇಲ್ಲ, ಹೊಸಿಲೂ ಇಲ್ಲ, ಅಲ್ಲಿ ನಿಂತು ಕಾಲಿನ ಚಪ್ಪಲಿ ಬಿಟ್ಟರು. ಮಕ್ಕಳಿಗೂ ಬಿಡಿಸಿದರು. ತಲೆಗೆ ಸೆರಗು ಎಳೆದುಕೊಂಡು, ಬಿದ್ದ ಇಟ್ಟಿಗೆಗಳ ನಡುವೆ ನೇರವಾಗಿ ನಡೆದು, ಪೀಠವಿದ್ದ ಕಡೆ ಮೊಣಕಾಲೂರಿ ಶಿಲುಬೆ ಗುರುತು ಹಾಕಿಕೊಂಡರು. ನಾವು ಚಪ್ಪಲಿ ಹಾಕಿಕೊಂಡೇ ಒಳಗಿದ್ದೆವು; ಫೋಟೋದವರ ಬೂಟುಗಳೂ ಒಳಗಿದ್ದವು.

ಆಮೇಲೆ ಮರದ ನೆರಳಿನಲ್ಲಿ ಮಾತಿಗೆ ಸಿಕ್ಕರು.

"ಇಲ್ಲೇ ನಿಮ್ಮ ಊರಾ, ಅಮ್ಮ?"

"ಊರು ಅಂದ್ರೆ, ಅಗೋ ಅಲ್ಲಿ ನೀರು ಕಾಣ್ತದಲ್ಲ, ಅಲ್ಲಿ ನಮ್ಮ ಹಟ್ಟಿ ಇತ್ತು ಕಣವ್ವ. ನನ್ನ ಮದ್ವೆ ಆಗಿದ್ದು ಈ ದೇವಾಲಯದಾಗೇ. ಎಡಗಡೆ ಹೆಂಗಸ್ರು ಕೂರೋದು, ಬಲಗಡೆ ಗಂಡಸ್ರು."

"ಇದು ಬಿದ್ದುಹೋಗ್ತಾ ಇದೆಯಲ್ಲ, ಬೇಜಾರಾಗೋದಿಲ್ವೇ?"

"ನಮ್ಗೆ ಹೊಸ ದೇವಾಲಯ ಐತೆ, ಪೂಜೆ ಅಲ್ಲೇ ಆಯ್ತದೆ. ಇದು ನಿಂತಿರೋಗಂಟ ನಾವು ಬತ್ತೀವಿ. ಜನ ಬತ್ತಾರೆ, ಪೋಟ ತೆಗೀತಾರೆ, ಹೋಯ್ತಾರೆ. ತೆಗೀಲಿ. ಒಳಗೆ ಕುಡಿದು ಸೀಸೆ ಒಡೀತಾರಲ್ಲ, ಅದೊಂದು ಮಾಡ್ಬಾರ್ದು ಕಣವ್ವ."

ಅಷ್ಟೇ ಹೇಳಿದರು. ಉಳಿಸಿಕೊಡಿ ಎಂದು ಕೇಳಲಿಲ್ಲ, ಅಳಲಿಲ್ಲ. ಮೊಮ್ಮಗ ಬಾಟಲಿ ಚೂರೊಂದನ್ನು ಹೆಕ್ಕಿ ತಂದಾಗ ಅದನ್ನು ಕೈಯಿಂದ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡರು, ಮನೆಯಲ್ಲಿ ಎಸೆಯಲು. ಗೋಡೆಯನ್ನು ಕಂಡು ಮರುಗಿದವಳು ನಾನು. ಆ ನೆಲವನ್ನು ಚೊಕ್ಕಟ ಮಾಡಿದವರು ಅವರು.

ಮುಳುಗಡೆಯ ಬಗ್ಗೆ ನಮ್ಮ ಸಾಹಿತ್ಯ ಬರೆದಿಲ್ಲವೆಂದಲ್ಲ. ಗೊರೂರು ಎಂದಾಕ್ಷಣ ನೆನಪಾಗುವ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಅಣೆಕಟ್ಟಿಗೆ ನಾಲ್ಕೈದು ದಶಕ ಮುಂಚಿನವು. ಅವರ ಹೇಮಾವತಿ ಹರಿಯುವ ಹೊಳೆ, ಅದರ ದಂಡೆಯಲ್ಲಿ ಹರಟೆಯುಂಟು, ಕುಚೋದ್ಯವುಂಟು. ಇಂದು ಗೊರೂರು ಎಂದರೆ ಮಕ್ಕಳಿಗೆ ಅಣೆಕಟ್ಟು. ಆದರೆ ಮುಳುಗಡೆಯನ್ನೇ ತನ್ನ ಬದುಕಿನ ವಸ್ತುವಾಗಿ ಮಾಡಿಕೊಂಡವರು ಸಾಗರದ ನಾ. ಡಿಸೋಜ, 2025ರ ಜನವರಿಯಲ್ಲಿ ತೀರಿಕೊಂಡರು. ಶರಾವತಿ ಯೋಜನೆಯ ಕಡೆಯೇ ನೌಕರಿ ಮಾಡಿ, ಲಿಂಗನಮಕ್ಕಿಯ ನೀರು ಏರುವುದನ್ನು ಹತ್ತಿರದಿಂದ ಕಂಡವರು. 'ಮುಳುಗಡೆ', 'ದ್ವೀಪ' ಅವರ ಕಾದಂಬರಿಗಳು. ಹುಟ್ಟಿನಿಂದ ಕಥೋಲಿಕರಾದ ಅವರು ಮುಳುಗಡೆಯನ್ನು ಒಂದು ಜಾತಿಯ, ಒಂದು ಗುಡಿಯ ಸಂಕಟವೆಂದು ಬರೆಯಲಿಲ್ಲ. ನೀರು ಯಾರ ಮನೆಯ ಹೊಸಿಲಿಗೆ ಬಂದರೂ ಒಂದೇ ಎಂದು ಬರೆದರು.

'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು 2002ರಲ್ಲಿ ಸಿನಿಮಾ ಮಾಡಿದರು. ಸೌಂದರ್ಯ ತಾನೇ ಹಣ ಹಾಕಿ, ತಾನೇ ನಾಗಿಯ ಪಾತ್ರ ಮಾಡಿದಳು. ಅದಕ್ಕೆ ಸ್ವರ್ಣಕಮಲ ಬಂತು. ಅದರಲ್ಲಿಯೂ ನೀರಿನ ನಡುವೆ ಉಳಿಯುವ ಒಂದು ದೇವರ ಜಾಗವುಂಟು, ಸೀತಾಪರ್ವತ. ಅಲ್ಲಿಯ ಪೂಜೆ ನೋಡಿಕೊಂಡಿದ್ದ ಕುಟುಂಬಕ್ಕೆ ಪರಿಹಾರವೆಂದು ಸರ್ಕಾರ ಎಣಿಸಿಕೊಡಬಲ್ಲದ್ದು ಹಣವನ್ನು ಮಾತ್ರ. ಆ ಗುಡ್ಡದ ಮೇಲೆ ಅವರಿಗಿದ್ದ ಮರ್ಯಾದೆಯನ್ನು ಎಣಿಸುವ ಲೆಕ್ಕ ಯಾವ ಕಚೇರಿಯಲ್ಲೂ ಇರಲಿಲ್ಲ. ಇದು ಕಥೆಯ ಮಾತಷ್ಟೇ ಅಲ್ಲ. ಗೊರೂರಿನಲ್ಲಿ ಅಣೆಕಟ್ಟು ಏಳುವ ಕಾಲದಲ್ಲಿ ದೇಶದಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆ ನೆಲ, ಮನೆ, ಮರ, ಪೈರು ಇಷ್ಟನ್ನು ಲೆಕ್ಕ ಹಾಕುತ್ತಿತ್ತು. ಭಾನುವಾರ ಎಡಗಡೆ ಎಲ್ಲಿ ಕೂರುತ್ತಿದ್ದೆವು ಎನ್ನುವುದಕ್ಕೆ ಅದರಲ್ಲಿ ಕಲಮಿರಲಿಲ್ಲ.

ಆ ಸಿನಿಮಾದ ಕೊನೆಯನ್ನು ನೋಡಿದ ಹೆಂಗಸರು ಮರೆಯುವುದಿಲ್ಲ. ನೀರು ಏರಿದ ಭಯಾನಕ ರಾತ್ರಿಗಳನ್ನು ನಾಗಿ ಧೈರ್ಯದಿಂದ ಎದುರಿಸಿ ಮನೆಯನ್ನೂ ಗಂಡನನ್ನೂ ಉಳಿಸಿಕೊಳ್ಳುತ್ತಾಳೆ. ಗಂಡ ಅದನ್ನು ದೇವರ ಮಹಿಮೆ ಎಂದುಬಿಡುತ್ತಾನೆ. ನಾಗಿಯ ಮುಖ ನೋಡಬೇಕು ಆಗ. ನನ್ನ ಪಕ್ಕದಲ್ಲಿ ಕೂತಿದ್ದ ಗೆಳತಿ, "ನಮ್ಮನೇಲಿ ಹಬ್ಬದ ಅಡುಗೆ ಚೆನ್ನಾಗಾದ್ರೆ ಒಲೆ ಒಳ್ಳೇದು ಅಂತಾರೆ" ಎಂದು ಪಿಸುಗುಟ್ಟಿದಳು.

ಈ ನಾಗಿಯನ್ನು ಇಟ್ಟುಕೊಂಡೇ ನಾನು ಶೆಟ್ಟಿಹಳ್ಳಿಯ ಬಗ್ಗೆ ಬರೆದ ಬರಹಗಳನ್ನು ಓದಿದೆ. ಎಲ್ಲದರಲ್ಲೂ ಅದೇ ನಾಲ್ಕು ಮಾತು. ಫ್ರೆಂಚರು ಕಟ್ಟಿದರು; ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದರು; ಕಿಟಕಿಗೆ ಬೆಲ್ಜಿಯಂ ಗಾಜು; ಗೋಥಿಕ್ ಶೈಲಿ. ಬೆಲ್ಲ ಮೊಟ್ಟೆಯ ಮಾತನ್ನು ನಮ್ಮ ಸೀಮೆಯ ಯಾವ ಹಳೆಯ ಕೋಟೆ, ಅರಮನೆ, ಸೇತುವೆಯ ಮುಂದೆ ನಿಂತರೂ ಹೇಳುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರು ಹಾಕುವ ರೂಢಿ ದಕ್ಷಿಣದಲ್ಲೆಲ್ಲ ಇತ್ತು, ಅದರಲ್ಲಿ ಸೋಜಿಗವೇನಿಲ್ಲ. ಸೋಜಿಗವೆಂದರೆ ಬೆಲ್ಲವನ್ನು ನೆನೆಯುವವರು ಕೈಯನ್ನು ನೆನೆಯದಿರುವುದು. ಸುಣ್ಣ ಸುಟ್ಟವರು, ಗಾಣದಲ್ಲಿ ಗಾರೆ ಅರೆದವರು, ಮಂಕರಿಯಲ್ಲಿ ಹೊತ್ತು ಏಣಿ ಹತ್ತಿದವರು ಯಾರು? ಫ್ರೆಂಚ್ ಪಾದ್ರಿ ಹೊತ್ತಿರಲಾರ. ಇಂದಿಗೂ ನಮ್ಮ ಊರಿನಲ್ಲಿ ಮನೆ ಕಟ್ಟುವಾಗ ಗಾರೆಯ ಬಾಣಲಿ ಹೊರುವವರು ಹೆಂಗಸರೇ; ಕೂಲಿ ಮಾತ್ರ ಗಂಡಸಿಗಿಂತ ಕಡಿಮೆ. ಇನ್ನು ಕಟ್ಟಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಅದನ್ನು ಗುಡಿಸಿ, ಸಾರಿಸಿ, ಹೂವಿಟ್ಟು, ಅಕ್ಟೋಬರ್ ತಿಂಗಳಿಡೀ ಸಂಜೆ ಜಪಮಾಲೆ ಹೇಳಿ ದೇವಾಲಯವಾಗಿ ಇಟ್ಟುಕೊಂಡವರು ಯಾವ ಶೈಲಿಗೆ ಸೇರಿದವರು?

ಹಾಗಾದರೆ ಏನು ಮಾಡಬೇಕು ಎಂದು ಕೇಳುತ್ತೀರಿ. ಎತ್ತಿ ಬೇರೆ ಕಡೆ ಇಡಬಾರದೇ, ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯನ್ನು ಇಟ್ಟ ಹಾಗೆ? ಕೃಷ್ಣರಾಜಸಾಗರದ ನೀರಿನಲ್ಲಿ ದಶಕಗಟ್ಟಲೆ ಮುಳುಗಿದ್ದ ಆ ಹೊಯ್ಸಳರ ಕಾಲದ ಗುಡಿಯನ್ನು, ಬರದಲ್ಲಿ ನೀರಿಳಿದ ಮೇಲೆ, ಒಬ್ಬ ಉದ್ಯಮಿಯ ಪ್ರತಿಷ್ಠಾನದವರು ಕಲ್ಲು ಕಲ್ಲಿಗೆ ಗುರುತು ಹಾಕಿ ಬಿಚ್ಚಿ, ಎತ್ತರದ ಜಾಗದಲ್ಲಿ ಮತ್ತೆ ಕಟ್ಟಿಸಿದ್ದಾರೆ. ದೊಡ್ಡ ಕೆಲಸ, ನೋಡಿ ಬಂದರೆ ಸಂತೋಷವಾಗುತ್ತದೆ. ಆದರೆ ಕಲ್ಲನ್ನು ಬಿಚ್ಚಬಹುದು; ನೆನೆದು ನೆನೆದು ಪುಡಿಯಾಗುತ್ತಿರುವ ಇಟ್ಟಿಗೆ ಗಾರೆಯನ್ನು ಬಿಚ್ಚಿದರೆ ಕೈಗೆ ಬರುವುದು ಮಣ್ಣು. ಶೆಟ್ಟಿಹಳ್ಳಿಯದು ನಿಂತಲ್ಲೇ ಬದುಕಬೇಕು, ಇಲ್ಲವೇ ನಿಂತಲ್ಲೇ ಸಾಯಬೇಕು.

ಉಳಿಸಬೇಕೆಂಬ ಒತ್ತಾಯ ಪತ್ರಿಕೆಗಳಲ್ಲಿ ಹಲವು ಸಲ ಬಂದಿದೆ. ಆದರೆ ಉಳಿಸುವುದೆಂದರೆ ಏನೆಂದು ಬಿಡಿಸಿ ಹೇಳುವವರು ಕಡಿಮೆ. ನನಗೆ ದೀಪಾಲಂಕಾರದ ಭಯವಿದೆ. ದೋಣಿವಿಹಾರ, ಐಸ್‌ಕ್ರೀಮಿನ ಅಂಗಡಿ, ಬಣ್ಣದ ದೀಪ, 'ಐ ಲವ್' ಎಂಬ ಆಳೆತ್ತರದ ಅಕ್ಷರ, ಇವುಗಳಿಗೆ ನಮ್ಮಲ್ಲಿ ಬೇಗ ಹಣ ಸಿಗುತ್ತದೆ. ಅದಕ್ಕಿಂತ ದೊಡ್ಡ ಭಯ ಸಿಮೆಂಟಿನದು. ಯಾರೋ ಒಳ್ಳೆಯ ಮನಸ್ಸಿನವರು ಹೋಗಿ ಬಿರುಕಿಗೆ ಸಿಮೆಂಟು ಮೆತ್ತಿದರೆ ಕಥೆ ಮುಗಿಯಿತು. ಸುಣ್ಣ ಉಸಿರಾಡುತ್ತದೆ, ಸಿಮೆಂಟು ಉಸಿರಾಡುವುದಿಲ್ಲ. ಒಳಗಿನ ತೇವ ಹೊರಗೆ ಬರಲಾರದೆ ಹಳೆಯ ಇಟ್ಟಿಗೆಯನ್ನೇ ತಿನ್ನುತ್ತದೆ. ಬೇಕಾದದ್ದು ಫೋಟೋಗೆ ಸಿಗದಂಥ ಕೆಲಸ: ಗೋಡೆಯ ನೆತ್ತಿಗೆ ಸುಣ್ಣದ ಗಾರೆಯ ಮುಚ್ಚಿಗೆ, ವಾಲಿದ ಕಮಾನಿಗೆ ಆಸರೆ, ಅರಳಿಯ ಸಸಿಗಳನ್ನು ಬೇರುಸಹಿತ ತೆಗೆಸುವುದು, ಬುಡ ಕೊರೆಯದಂತೆ ಕಲ್ಲಿನ ಹಾಸು, ಬೇಸಿಗೆಯಲ್ಲಿ ಒಬ್ಬ ಕಾವಲುಗಾರ. ಇದನ್ನೂ ನೀರಿಳಿದ ನಾಲ್ಕಾರು ತಿಂಗಳಲ್ಲಿ ಮಾಡಿಕೊಳ್ಳಬೇಕು, ಮಳೆಗಾಲದ ಮೇಲೆ ಮತ್ತೆ ನೋಡಬೇಕು, ಪ್ರತಿ ವರ್ಷವೂ. ಮನೆಗೆಲಸದ ಹಾಗೆ, ಮುಗಿಯಿತು ಎನ್ನುವಂತಿಲ್ಲ. ಉದ್ಘಾಟನೆಗೆ ಏನೂ ಸಿಗದ್ದರಿಂದಲೇ ಇದು ಆಗುತ್ತಿಲ್ಲವೇನೋ.

ಹಾಳಾಗಿರುವುದೇ ಚೆಂದ, ಬಿದ್ದರೆ ಬೀಳಲಿ, ಕಾಲಧರ್ಮ ಎನ್ನುವ ರಸಿಕರೂ ಇದ್ದಾರೆ. ಅವರ ಮಾತಿಗೆ ಒಂದು ಗಾಂಭೀರ್ಯವಿದೆ, ಒಪ್ಪುತ್ತೇನೆ. ಆದರೆ ಶೆಟ್ಟಿಹಳ್ಳಿ ಕಾಲಧರ್ಮದಿಂದ ಹಾಳಾದದ್ದಲ್ಲ. ನಕ್ಷೆ ಬರೆದು, ಮಟ್ಟ ಗುರುತು ಹಾಕಿ, ಸಹಿ ಮಾಡಿ ಮುಳುಗಿಸಿದ್ದು. ಅದರ ಪ್ರಯೋಜನ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳಿಗೆ ಬಂದಿದೆ, ನಮ್ಮ ನಲ್ಲಿಗೆ ಬಂದಿದೆ. ಪ್ರಯೋಜನ ನಮ್ಮದು, ಬೀಳುವುದು ಮಾತ್ರ ಕಾಲದ್ದು ಎಂದರೆ ಲೆಕ್ಕ ಸರಿಹೋಗುವುದಿಲ್ಲ.

ಗೋಡೆಗಳನ್ನು ಉಳಿಸುವುದು ಎಂಜಿನಿಯರುಗಳ ಕೆಲಸ. ಅದು ಆದೀತೋ ಇಲ್ಲವೋ. ಅದಕ್ಕೂ ಮುಂಚೆ ಕಡಿಮೆ ಖರ್ಚಿನ ಇನ್ನೊಂದು ಕೆಲಸವಿದೆ. ಒಂದು ಬೇಸಿಗೆಯಲ್ಲಿ ಅಳತೆ ತೆಗೆದು ಕಟ್ಟಡದ ನಕ್ಷೆ ಬರೆಯಬೇಕು. ಬರಿಯ ಗೋಡೆ ಕಮಾನುಗಳದ್ದಲ್ಲ. ಗಂಟೆ ಎಲ್ಲಿ ತೂಗುತ್ತಿತ್ತು, ತೀರ್ಥದ ಬಟ್ಟಲು ಯಾವ ಕಡೆ, ಮಗುವಿಗೆ ಹೆಸರಿಡಲು ಎಲ್ಲಿ ನಿಲ್ಲುತ್ತಿದ್ದರು, ಎಡಗಡೆ ಹೆಂಗಸರ ಸಾಲು ಎಲ್ಲಿಯವರೆಗೆ ಬರುತ್ತಿತ್ತು, ಹೊರಗೆ ಯಾವ ಮರದಡಿ ಹಬ್ಬದ ಅಡುಗೆಯ ಒಲೆ ಹೂಡುತ್ತಿದ್ದರು, ಅಲ್ಲಿಂದ ಯಾರ ಮನೆಗೆ ಯಾವ ಓಣಿ. ಇದೆಲ್ಲ ಪ್ರವಾಸದ ಪುಸ್ತಕದಲ್ಲಿಲ್ಲ, ಸರ್ವೇ ಕಾಗದದಲ್ಲೂ ಇರುವುದಿಲ್ಲ. ಹೊಸ ಊರುಗಳ ಜಗಲಿಗಳ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿರುವ ಹೆಂಗಸರ ಹತ್ತಿರ ಇದೆ. ಆ ದೇವಾಲಯದಲ್ಲಿ ಮದುವೆಯಾದವರಲ್ಲಿ ಎಲ್ಲರಿಗಿಂತ ಕಿರಿಯವರಿಗೂ ಈಗ ಅರವತ್ತು ದಾಟಿದೆ.